ಆರನೆಯ ಮುಖ

ಮನುಷ್ಯನ ಮನಸ್ಸು ಸಮುದ್ರದಷ್ಟು ಆಳವಾದದ್ದು, ಅದರ ತಳ ಕಂಡವರಿಲ್ಲ ಎಂದು ತಿಳಿದವರು ಗಂಭೀರವಾಗಿ ಹೇಳುತ್ತಾರೆ. ಕೋಲಾರ ಜಿಲ್ಲೆಯಲ್ಲಿ ಸಮುದ್ರ ಇಲ್ಲದ ಕಾರಣ ನಾವು ಈ ಮಾತನ್ನು ಕೊಳವೆಬಾವಿಗೆ ಹೊಂದಿಸಿಕೊಳ್ಳಬೇಕಾಗುತ್ತದೆ. ಎಷ್ಟು ಕೊರೆದರೂ ದೂಳೇ ಬರುತ್ತದೆ. ಕೊರೆಯುವವನು ಮಾತ್ರ ಪಕ್ಕದಲ್ಲಿ ನಿಂತು, "ಇನ್ನೊಂದು ನೂರಡಿ ಹೋಗ್ಲಿ ಸಾರ್, ಗ್ಯಾರಂಟಿ" ಎನ್ನುತ್ತಿರುತ್ತಾನೆ.

ಇಂಥ ಜಿಲ್ಲೆಯಲ್ಲಿ ಜನರ ಮನಸ್ಸಿನ ಕೆಲಸ ಮಾಡುತ್ತಿದ್ದ ಒಬ್ಬ ಹೆಣ್ಣುಮಗಳ ಬಗ್ಗೆ ಬರೆಯಲು ಕೂತಿದ್ದೇನೆ. ಹೋದ ತಿಂಗಳು ಅವರನ್ನು ಕೆಲಸದಿಂದ ಬೀಳ್ಕೊಟ್ಟೆವು. ಹೆಸರು ಹೇಳುವಂತಿಲ್ಲ. "ನಿಮ್ಮ ಬಗ್ಗೆ ಏನಾದರೂ ಬರೆಯೋಣ ಅಂತಿದೀನಿ" ಎಂದಾಗ ಅವರು, "ಬರ್ಕೊಳ್ಳಿ. ಹೆಸರು ಹಾಕಿದ್ರೆ ಮಾತ್ರ ನಿಮ್ಮನೆ ಜಗಲಿ ಮೇಲೆ ಬಂದು ಕೂತ್ಕೋತೀನಿ" ಎಂದರು. ಅವರು ಒಂದು ಕಡೆ ಕೂತರೆ ಏನಾಗುತ್ತದೆ ಎಂಬುದನ್ನು ಬಲ್ಲವನಾದ್ದರಿಂದ ಮೇಡಂ ಎಂದಷ್ಟೇ ಕರೆಯುತ್ತೇನೆ.

ನಾನು ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರನಾಗಿದ್ದು ನಿವೃತ್ತನಾದವನು. ಮನೆಯಲ್ಲಿ ಇರುವುದು ಹೆಂಡತಿಗೂ ನನಗೂ ಹಿತವಲ್ಲ ಎಂದು ಇಬ್ಬರಿಗೂ ಒಂದೇ ವಾರದಲ್ಲಿ ಗೊತ್ತಾಯಿತು. ಕೋಲಾರದ ಬಸ್ ನಿಲ್ದಾಣದ ಹತ್ತಿರ ಒಂದು ಸೇವಾ ಸಂಸ್ಥೆ ಮಾಳಿಗೆಯ ಮೇಲೆ ಆಪ್ತಸಮಾಲೋಚನಾ ಕೇಂದ್ರ ನಡೆಸುತ್ತಿತ್ತು. ಅಲ್ಲಿ ಸೇರಿಕೊಂಡೆ. ಬಂದವರನ್ನು ಕೂರಿಸುವುದು, ಸರದಿ ಬಂದಾಗ ಕರೆಯುವುದು, ಅಳುತ್ತ ಹೊರಬಂದವರಿಗೆ ನೀರು ಕೊಡುವುದು ನನ್ನ ಕೆಲಸ. ತಾಲ್ಲೂಕು ಕಚೇರಿಯಲ್ಲೂ ಜನ ಅಳುತ್ತಲೇ ಹೊರಬರುತ್ತಿದ್ದರು. ನೀರು ಕೊಡುವ ಪದ್ಧತಿ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಮೇಡಂ ಮುಳಬಾಗಿಲಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಗಿಡ್ಡ ಆಳು, ದಪ್ಪ ಕನ್ನಡಕ, ಇಸ್ತ್ರಿ ಕಾಣದ ಕಾಟನ್ ಸೀರೆ, ಚೀಲದಲ್ಲಿ ಸದಾ ಒಂದು ಪೊಟ್ಟಣ ಹುರಿಗಡಲೆ. ಓದಿದವರು, ದೊಡ್ಡ ಆಸ್ಪತ್ರೆಗಳಲ್ಲಿ ಕೆಲಸ ಮಾಡಿ ಬಂದವರು. ಆದರೆ ಅವರ ಮುಖವನ್ನು ಮೊದಲ ಸಲ ನೋಡಿದ ಯಾರೂ ಸಮಾಧಾನ ಹುಡುಕಿಕೊಂಡು ಅವರ ಬಳಿ ಹೋಗುತ್ತಿರಲಿಲ್ಲ. ಮೊಸರನ್ನದಲ್ಲಿ ಕೂದಲು ಕಂಡವರ ಮುಖ ಅದು. ಮೂಗು ಸ್ವಲ್ಪ ಮೇಲೆ, ತುಟಿಯ ಒಂದು ಮೂಲೆ ಕೆಳಗೆ. ಹುಟ್ಟಿನಿಂದಲೇ ಹಾಗಿತ್ತೋ, ಮೂವತ್ತು ವರ್ಷ ಜನರ ಕಥೆ ಕೇಳಿ ಹಾಗಾಯಿತೋ ಎಂದು ಒಮ್ಮೆ ಕೇಳಿದೆ. "ಹುಟ್ಟಿದಾಗ ಚೆನ್ನಾಗೇ ಇದ್ನಂತೆ. ಆಮೇಲೆ ಸಂಬಂಧಿಕರೆಲ್ಲ ನೋಡೋಕೆ ಬಂದ್ರಲ್ಲ, ಆಗ ಆಗಿರ್ಬೇಕು" ಎಂದರು.

ಚಿಕಿತ್ಸೆ ಮಾಡುವವರ ಮುಖ ಸುಣ್ಣ ಹೊಡೆದ ಗೋಡೆಯ ಹಾಗಿರಬೇಕಂತೆ, ಅದರ ಮೇಲೆ ಯಾವ ಅಭಿಪ್ರಾಯವೂ ಕಾಣಬಾರದಂತೆ. ಮೇಡಂಗೂ ಇದು ಗೊತ್ತಿತ್ತು. ಆದರೂ ಅವರ ಕೋಣೆಗೂ ನಾನು ಕೂರುವ ಜಾಗಕ್ಕೂ ನಡುವೆ ಇದ್ದ ಪ್ಲೈವುಡ್ ಗೋಡೆಯನ್ನು ದಾಟಿ, ದಿನಕ್ಕೊಮ್ಮೆಯಾದರೂ ಒಂದು ಶಬ್ದ ಬರುತ್ತಿತ್ತು. "ಥೂ!"

ಮಾತೊಂದೂ ಕೇಳಿಸುತ್ತಿರಲಿಲ್ಲ, ಇದು ಮಾತ್ರ ಕೇಳಿಸುತ್ತಿತ್ತು. ಅದು ಕೇಳಿದ ಕೂಡಲೇ ಬೆಂಚಿನ ಮೇಲೆ ಸರದಿಗೆ ಕೂತವರು ನೆಟ್ಟಗಾಗುತ್ತಿದ್ದರು. ಒಳಗಿದ್ದವರು ಸ್ವಲ್ಪ ಹೊತ್ತಿನ ಮೇಲೆ ಹೊರಬಂದಾಗ ಹೆಗಲ ಮೇಲಿನ ಮೂಟೆ ಇಳಿಸಿದವರ ಹಾಗೆ ಕಾಣುತ್ತಿದ್ದರು. ಮಾಲೂರಿನಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವ ಒಬ್ಬ ಗುಮಾಸ್ತ ಕೈನಡುಕಕ್ಕೆಂದು ಬಂದಿದ್ದ. ನರದ ಡಾಕ್ಟರರನ್ನೆಲ್ಲ ನೋಡಿ ಮುಗಿಸಿದ್ದ. ಅವನ ಕಚೇರಿಯಲ್ಲಿ ಪ್ರತಿದಿನ ಬೆಳಗ್ಗೆ ಎಲ್ಲರೂ ನಿಂತು ಒಬ್ಬರಿಗೆ ಚಪ್ಪಾಳೆ ಹೊಡೆಯಬೇಕಿತ್ತಂತೆ. ಇವನ ಕೆಲಸವನ್ನೆಲ್ಲ ತನ್ನದೆಂದು ತೋರಿಸಿಕೊಂಡವನಿಗೂ ಇವನು ವರ್ಷವಿಡೀ ಚಪ್ಪಾಳೆ ಹೊಡೆದಿದ್ದ. ಹೊರಗೆ ಬಂದು ಅವನೇ ನಗುತ್ತ ಬೆಂಚಿನವರಿಗೆಲ್ಲ ಸಾರಿದ: "ಮೇಡಂ ಏನಂದ್ರು ಗೊತ್ತಾ? 'ಥೂ, ಆ ಕೈಗೆ ನಿನಗಿಂತ ಮರ್ಯಾದೆ ಜಾಸ್ತಿ ಕಣಯ್ಯಾ, ಅದಕ್ಕೇ ನಡುಗ್ತಿದೆ' ಅಂದ್ರು!"

ಊಟದ ಹೊತ್ತಿನಲ್ಲಿ ಒಮ್ಮೆ ಈ ಥೂ ಪದ್ಧತಿಯ ಬಗ್ಗೆ ವಿಚಾರಿಸಿದೆ.

"ಶಿರಸ್ತೇದಾರ್ರೇ, ಇಲ್ಲಿಗೆ ಬರೋರಲ್ಲಿ ಅರ್ಧ ಜನಕ್ಕೆ ದುಃಖ ಅಲ್ಲ, ಅಸಹ್ಯ" ಎಂದರು ಹುರಿಗಡಲೆ ಅಗಿಯುತ್ತ. "ಯಾರೋ ಮಾಡಿದ ಹೇಸಿಗೆ ಕೆಲಸ ಇವರ ಮೈಗೆ ಅಂಟ್ಕೊಂಡಿರತ್ತೆ. ತಾನೇ ಹೇಸಿಗೆ ಅನ್ಕೊಂಡಿರ್ತಾರೆ. ಎದುರಿಗೆ ಕೂತೋರು ಒಂದ್ಸಲ ಥೂ ಅಂದ್ರೆ, ಓ, ಹೇಸಿಗೆ ಅವನದು, ನಂದಲ್ಲ ಅಂತ ಗೊತ್ತಾಗತ್ತೆ. ಅಷ್ಟಾದ್ರೆ ಆಮೇಲೆ ಪುಸ್ತಕದಲ್ಲಿರೋ ಚಿಕಿತ್ಸೆ ಶುರು ಮಾಡ್ಬೋದು."

ಹೀಗೆ ನಡೆಯುತ್ತಿದ್ದಾಗ ನಮ್ಮ ಕೇಂದ್ರಕ್ಕೆ ಒಂದು ಮೊಬೈಲ್ ಆಪ್ ಬಂತು. ಅದರ ಜೊತೆಗೆ ಬೆಂಗಳೂರಿನಿಂದ ಒಬ್ಬ ಮ್ಯಾನೇಜರನೂ ಬಂದ. ಅವನಿಗಿಂತ ಮೊದಲು ಅವನ ಸೆಂಟು ಮೆಟ್ಟಿಲು ಹತ್ತುತ್ತಿತ್ತು. ಅವನು ಹೋದಮೇಲೂ ಸಂಜೆಯವರೆಗೆ ಬೆಂಚಿನ ಮೇಲೆ ಕೂತಿರುತ್ತಿತ್ತು. ಬಂದವನು ಮೊದಲು ಮಾಡಿದ ಕೆಲಸ, ನನ್ನ ತಲೆಯ ಮೇಲಿನ ಗೋಡೆಗೆ ಹಳದಿ ಬಣ್ಣದ ಒಂದು ದೊಡ್ಡ ನಗುವ ಮುಖ ಬರೆಸಿದ್ದು. ಮಗು ಸತ್ತ ತಾಯಿ, ಗಂಡ ಬಿಟ್ಟವಳು, ನಿದ್ದೆ ಬಾರದವನು ಎಲ್ಲರೂ ಆ ಹಲ್ಲುಕಿರಿಯುವ ಮುಂಡೇದನ್ನೇ ನೋಡುತ್ತ ಕೂರಬೇಕಾಯಿತು. ಅದರ ಕೆಳಗೆ ಕೂರುವ ನನಗೆ ಒಂದೇ ಪುಣ್ಯ, ಅದು ಕಾಣುತ್ತಿರಲಿಲ್ಲ.

"ನಾವು ನಿಮ್ಮನ್ನ ರಿಪ್ಲೇಸ್ ಮಾಡ್ತಿಲ್ಲ ಮೇಡಂ, ಸಪೋರ್ಟ್ ಮಾಡ್ತಿದೀವಿ" ಎಂದು ಮ್ಯಾನೇಜರ್ ವಿವರಿಸಿದ. "ಅರ್ಧ ಮೊಬೈಲಲ್ಲಿ, ಅರ್ಧ ಮುಖಾಮುಖಿ. ದಿನಾ ಸಂಜೆ ಏಳಕ್ಕೆ ಫೋನ್ ಗಂಟೆ ಹೊಡೆಯತ್ತೆ. 'ಇವತ್ತು ಹೇಗಿದ್ದೀರಿ?' ಅಂತ ಕೇಳತ್ತೆ. ಐದು ಮುಖ ಇರತ್ತೆ, ಒಂದನ್ನ ಒತ್ತೋದು."

ಐದು ಮುಖಗಳನ್ನು ಮೇಡಂ ಕನ್ನಡಕ ಏರಿಸಿ ನೋಡಿದರು. ಜೋರಾಗಿ ನಗುವುದು, ಮುಗುಳ್ನಗುವುದು, ಸುಮ್ಮನಿರುವುದು, ಬೇಜಾರಾದದ್ದು, ಅಳುವುದು.

"ಅಸಹ್ಯ ಪಡೋ ಮುಖ ಎಲ್ಲಿ?"

"ಅದು ಬೇಜಾರಿನ ಒಳಗೇ ಬರತ್ತೆ ಮೇಡಂ."

"ಬೇಜಾರು ಬೇರೆ, ಅಸಹ್ಯ ಬೇರೆ ಕಣಯ್ಯಾ. ಬೇಜಾರಾದೋನು ಅನ್ನ ಕಮ್ಮಿ ತಿಂತಾನೆ. ಅಸಹ್ಯ ಆದೋನು ತಿಂದಿದ್ದನ್ನ ಕಕ್ತಾನೆ."

ಮ್ಯಾನೇಜರ್ ಮುಗುಳ್ನಗುವ ಮುಖ ಮಾಡಿದ. ಆಪಿನ ನಿಯಮ ಹೀಗಿತ್ತು: ಮೂರು ವಾರ ಬಿಡದೆ ನಗುವ ಮುಖ ಒತ್ತಿದವರ ಹೆಸರು ಕಂಪ್ಯೂಟರಿನಲ್ಲಿ ಹಸಿರಾಗುತ್ತದೆ, ಹಸಿರಾದವರಿಗೆ ಮುಖಾಮುಖಿ ಭೇಟಿ ಸದ್ಯಕ್ಕೆ ಬೇಡ, ಅವರ ಸರದಿ ಇನ್ನೊಬ್ಬರಿಗೆ. ಕೇಳಿದರೆ ನ್ಯಾಯವಾಗಿಯೇ ಇತ್ತು. ಕಾಯುವವರು ಬಹಳ, ಮೇಡಂ ಒಬ್ಬರೇ. ಅವರೂ ಆಪನ್ನು ಪೂರಾ ತಳ್ಳಿಹಾಕಲಿಲ್ಲ. "ವಾರದಲ್ಲಿ ಒಂದು ಗಂಟೆ ನನ್ನ ಮುಂದೆ ಇರ್ತಾರೆ, ಮಿಕ್ಕಿದ ಹೊತ್ತು ಫೋನ್ ಮುಂದೆ ಇರ್ತಾರೆ. ಅದರಿಂದ ಏನಾದ್ರೂ ಗೊತ್ತಾದ್ರೆ ಆಗ್ಲಿ" ಎಂದರು. ಫೋನು ಕಂಡರೆ ಆಗದವನು ನಾನು, ಅವರಲ್ಲ.

ಆಗಲೇ ಸರೋಜ ಬರತೊಡಗಿದ್ದು. ಇದು ಅವಳ ಹೆಸರಲ್ಲ, ನಾನು ಇಟ್ಟದ್ದು. "ಬರೀರಿ ಸಾರ್, ನಮ್ಮತ್ತೆಗೆ ಗೊತ್ತಾಗ್ದೇ ಇದ್ರೆ ಸಾಕು" ಎಂದು ಅವಳು ಒಪ್ಪಿಗೆ ಕೊಟ್ಟ ಮೇಲೆಯೇ ಬರೆಯುತ್ತಿದ್ದೇನೆ. ಶ್ರೀನಿವಾಸಪುರ ತಾಲ್ಲೂಕಿನ ಗೌನಿಪಲ್ಲಿಯ ಕಡೆಯವಳು. ಗಂಡ ಮಾವಿನ ತೋಪು ನೋಡಿಕೊಳ್ಳುತ್ತಿದ್ದ. ಮನೆಯಲ್ಲಿ ಅತ್ತೆ, ಗಂಡನ ಅಣ್ಣ, ಒಂದು ಹಸು. ತಿಂದದ್ದು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಶ್ರೀನಿವಾಸಪುರದಲ್ಲಿ ಗ್ಯಾಸ್ ಎಂದರು, ಕೋಲಾರದಲ್ಲಿ ಬಾಯಿಯೊಳಗೆ ಕೊಳವೆ ಬಿಟ್ಟು ನೋಡಿ ಏನೂ ಇಲ್ಲ ಎಂದರು, ಕೊನೆಗೆ ಮನಸ್ಸಿರಬಹುದು ಎಂದು ನಮ್ಮ ಮಾಳಿಗೆಗೆ ಕಳಿಸಿದರು. ಬಂದಾಗ ರವಿಕೆಯ ತೋಳಿನೊಳಗೆ ಇನ್ನೊಂದು ತೋಳು ಹಿಡಿಸುವಷ್ಟು ಜಾಗವಿತ್ತು.

ಮೊದಲ ಭೇಟಿಗಳಲ್ಲಿ ಬರೀ ಹಸುವಿನ ಮಾತಾಡಿದಳಂತೆ. ಮೇಡಂ ಹಸುವಿನ ಮಾತನ್ನೇ ಕೇಳಿದರು. ಒಂದು ದಿನ ಕೋಣೆಯಿಂದ ಹೊರಬಂದವಳು ನನ್ನ ಮೇಜಿನವರೆಗೂ ಬಂದು, ತಿರುಗಿ ಬಾಗಿಲಿಗೆ ಹೋಗಿ, "ಮುಂದಿನ್ಸಲ ಹೇಳ್ತೀನಿ ಮೇಡಂ. ಇವತ್ತು ಬಾಯಿಗೆ ಬರ್ಲಿಲ್ಲ" ಎಂದಳು. ಮೇಡಂ, "ಬರತ್ತೆ, ಅವಸರ ಇಲ್ಲ" ಎಂದರು.

ಮುಂದಿನ ಸಲ ಅವಳ ಹೆಸರೇ ಇರಲಿಲ್ಲ.

"ಸರೋಜ ಎಲ್ರೀ?"

"ಹಸಿರಾಗಿದಾಳಂತೆ ಮೇಡಂ, ಕಂಪ್ಯೂಟರಲ್ಲಿ."

"ಹಸಿರಾಗಕ್ಕೆ ಅವಳೇನು ಕೊತ್ತಂಬರಿ ಸೊಪ್ಪಾ?"

ಫೋನು ಮಾಡಿದರು. ಹಿಂದೆ ಮನೆಯವರ ಸದ್ದು. "ಚೆನ್ನಾಗಿದೀನಿ ಮೇಡಂ" ಎಂದಳು. ಮೇಡಂ ಫೋನು ಇಟ್ಟು, ಮೂಗನ್ನು ಇನ್ನಷ್ಟು ಮೇಲಕ್ಕೆತ್ತಿ, "ನಾಳೆ ಗೌನಿಪಲ್ಲಿಗೆ ಹೋಗೋಣ. ನೀವೂ ಬನ್ನಿ, ಬಸ್ಸಲ್ಲಿ ಟವೆಲ್ ಹಾಕಿ ಸೀಟು ಹಿಡಿಯಕ್ಕೆ ಒಬ್ರು ಬೇಕು" ಎಂದರು. ಸರ್ಕಾರಿ ಸೇವೆಯಲ್ಲಿ ನನಗೆ ಸಿಕ್ಕ ಯಾವ ಜವಾಬ್ದಾರಿಯೂ ಇಷ್ಟು ಸ್ಪಷ್ಟವಾಗಿರಲಿಲ್ಲ.

ಉಪ್ಪಿನಕಾಯಿಗೆ ಮಾವಿನಕಾಯಿ ನೋಡಲು ಬಂದವರು ಹಾಗೇ ಸರೋಜಳನ್ನೂ ಮಾತಾಡಿಸಿಹೋಗುತ್ತೇವೆ ಎಂಬ ನೆಪದಲ್ಲಿ ಹೋದೆವು. ಅತ್ತೆ ಒಳ್ಳೆಯ ಹೆಂಗಸು. ಮಜ್ಜಿಗೆ ಕೊಟ್ಟರು, ಸೊಸೆ ಸೊರಗಿದ್ದಕ್ಕೆ ನಿಜವಾಗಿಯೂ ಕಣ್ಣೊರೆಸಿಕೊಂಡರು. ಜಗಲಿಯ ಮೇಲೆ ಗಂಡನ ಅಣ್ಣ ಕೂತಿದ್ದ. ಎದ್ದು ನಿಂತು ಕೈಮುಗಿದ, ಕುರ್ಚಿ ಒರೆಸಿ ಕೊಟ್ಟ, "ನಮ್ ಸರೋಜನ್ನ ನೀವೇ ಕಾಪಾಡ್ಬೇಕು ಮೇಡಂ" ಎಂದ. ಮುಖದಿಂದ ನಗು ಇಳಿಯಲೇ ಇಲ್ಲ. ಆ ಮನೆಯಲ್ಲಿ ಆಪಿಗೆ ಹೇಳಿಮಾಡಿಸಿದ ಮನುಷ್ಯ ಅವನೊಬ್ಬನೇ. ಸರೋಜ ಗೋಡೆಗೆ ಒರಗಿ ನಿಂತಿದ್ದಳು. ಕೇಂದ್ರಕ್ಕೆ ಮೊದಲು ಬಂದಾಗ ಕಂಡದ್ದಕ್ಕಿಂತ ಅರ್ಧ.

ಸಂಜೆಯಾಯಿತು. ಅತ್ತೆ ಕಾಲು ತೊಳೆದುಕೊಂಡು ಬಂದು ದೇವರ ಗೂಡಿನಲ್ಲಿ ದೀಪ ಹಚ್ಚಿದರು. ಅದೇ ಹೊತ್ತಿಗೆ ಸರೋಜಳ ಫೋನು ಗಂಟೆ ಹೊಡೆಯಿತು. ಐದು ಮುಖ ಮೂಡಿದವು. ಅವಳ ಬೆರಳು ಕೊನೆಯ ಮುಖದ ಕಡೆಗೆ ಹೋಯಿತು. ಅತ್ತೆ ಗಾಬರಿಯಾಗಿ, "ದೀಪಂ ಪೆಟ್ಟಿನಾನು ಕದಮ್ಮಾ!" ಎಂದು ತೆಲುಗಿನಲ್ಲಿ ಕೂಗಿದರು. ದೀಪ ಹಚ್ಚಿದ್ದೇನಲ್ಲಮ್ಮಾ ಎಂದು. ಬೆರಳು ಹಿಂದಕ್ಕೆ ಬಂದು ನಗುವ ಮುಖ ಒತ್ತಿತು. ಫೋನು "ತುಂಬಾ ಸಂತೋಷ!" ಎಂದಿತು.

"ಯಾಕಮ್ಮಾ ತಡೆದ್ರಿ?" ಎಂದರು ಮೇಡಂ.

"ದೀಪದ ಮುಂದೆ ಅಕ್ಕಿ ಮುಗಿದ್ರೂ ನಾವು ಇಲ್ಲ ಅನ್ನಲ್ಲ ತಾಯಿ, ತುಂಬೈತೆ ಅಂತೀವಿ. ಅಂಥದ್ರಲ್ಲಿ ಅಳೋ ಮುಖ ಒತ್ತಕ್ಕಾಗ್ತದಾ? ಮನೆಗೆ ಒಳ್ಳೇದಾ? ದಿನಾ ಇವಳಿಗೆ ನಾನೇ ಜ್ಞಾಪಕ ಮಾಡ್ತೀನಿ."

ಹಿಂದಿನ ಸಂಜೆಯಷ್ಟೇ ನನ್ನ ಹೆಂಡತಿ ಅಡುಗೆಮನೆಯಿಂದ "ಉಪ್ಪು ತುಂಬಿದೆ" ಎಂದದ್ದೂ, ನಾನು ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋಗಿ ಉಪ್ಪು ತಂದದ್ದೂ ನೆನಪಾಯಿತು. ನಲವತ್ತು ವರ್ಷ ಈ ಭಾಷೆಯಲ್ಲಿ ಸಂಸಾರ ಮಾಡಿದವನಿಗೂ ಆಪಿನ ಗಂಟೆ ದೀಪ ಹಚ್ಚುವ ಹೊತ್ತಿಗೇ ಹೊಡೆಯುತ್ತದೆ ಎಂಬುದು ಹೊಳೆದಿರಲಿಲ್ಲ.

ಹೊರಡುವ ಮೊದಲು ಮೇಡಂ ಹಸು ನೋಡುವ ನೆಪದಲ್ಲಿ ಸರೋಜಳನ್ನು ಕೊಟ್ಟಿಗೆಗೆ ಕರೆದುಕೊಂಡು ಹೋದರು. ನಾನು ಬಾಗಿಲಲ್ಲಿ ಕಾವಲು.

"ಹಾಲು ಕರೆಯುವಾಗ ಇಲ್ಲಿ ಯಾರಿರ್ತಾರೆ?"

"ಯಾರೂ ಇರಲ್ಲ ಮೇಡಂ. ಇದೊಂದೇ."

"ಎದುರಿಗೆ ಕೂತಾಗ ಬಾಯಿಗೆ ಬರ್ಲಿಲ್ಲ ಅಂದ್ಯಲ್ಲ. ನನ್ನ ಮುಖ ಬೇಡ, ಬಿಡು. ಹಾಲು ಕರೀತಾ ಫೋನಿಗೆ ಹೇಳು, ನನಗೆ ಕಳ್ಸು. ಕಳ್ಸಿದ ತಕ್ಷಣ ನಿನ್ನ ಫೋನಿಂದ ಅಳಿಸ್ಬಿಡು. ಆಮೇಲೆ ಬಾ. ನೀನು ಮತ್ತೆ ಬಾಯಿಬಿಡಬೇಕಾಗಿಲ್ಲ, ಸುಮ್ನೆ ಬಂದು ಕೂತ್ಕೋ."

ವಾಪಸು ಬರುವಾಗ ಬಸ್ಸಿನಲ್ಲಿ ಹುರಿಗಡಲೆಯ ಪೊಟ್ಟಣ ಬಿಚ್ಚಲೇ ಇಲ್ಲ. ಒಮ್ಮೆ ಮಾತ್ರ, "ಏಳು ಗಂಟೆ ಅಂತೆ ಏಳು ಗಂಟೆ! ಥೂ!" ಎಂದರು. ಮುಂದಿನ ಸೀಟಿನವನು ತನಗೇ ಅಂದರೆಂದು ಕಿಟಕಿ ಮುಚ್ಚಿದ.

ಆ ವಾರವೇ ಸಂಸ್ಥೆಯ ಸಭೆ. ಮ್ಯಾನೇಜರ್ ಪರದೆಯ ಮೇಲೆ ಒಂದು ಗೆರೆ ತೋರಿಸಿದ. ಅದು ಎಡದಿಂದ ಬಲಕ್ಕೆ ಏರುತ್ತ ಹೋಗಿತ್ತು. ನಾಲ್ಕು ತಾಲ್ಲೂಕುಗಳ ಹೆಂಗಸರ ಸಂತೋಷ ಅದು ಎಂದ. ಪುರುಷರ ಗೆರೆ ಕೆಳಗೆ ಮಲಗಿತ್ತು. ಅವರು ಆ ಹೊತ್ತಿಗೆ ದೀಪದ ಮುಂದೆ ಇರುವುದಿಲ್ಲ, ಬೇರೆ ಕಡೆ ಇರುತ್ತಾರೆ. ಮೇಡಂ ಗೌನಿಪಲ್ಲಿಯಲ್ಲಿ ಕಂಡದ್ದನ್ನು, ಊರಿನ ಹೆಸರು ಎತ್ತದೆ ಹೇಳಿದರು. ಗಂಟೆಯ ಹೊತ್ತು ಬದಲಾಯಿಸಿ, ಹಸಿರಾದವರನ್ನು ವಾಪಸು ಕರೆಯಿರಿ ಎಂದರು.

"ಆದ್ರೆ ಏಳು ಗಂಟೆಗೇ ರೆಸ್ಪಾನ್ಸ್ ತುಂಬಾ ಚೆನ್ನಾಗಿದೆ ಮೇಡಂ. ಒಬ್ರೂ ಮಿಸ್ ಮಾಡಲ್ಲ."

"ಹೇಗೆ ಮಿಸ್ ಮಾಡ್ತಾರೆ? ಗಂಟೆ ಸದ್ದು ಇಟ್ಟಿದೀಯ. ಮಂಗಳಾರತಿ ಅನ್ಕೊಂಡು ಒತ್ತಿದಾರೆ."

ಅಧ್ಯಕ್ಷರು ಧರ್ಮಬುದ್ಧಿಯ ವೃದ್ಧರು. ಎಲ್ಲವನ್ನೂ ಕೇಳಿ, "ಏನೇ ಆಗ್ಲಿ, ನಗೋದು ಒಳ್ಳೇದೇ ಅಲ್ವೇನಮ್ಮಾ?" ಎಂದರು. ಎಲ್ಲರೂ ತಲೆಯಾಡಿಸಿದರು. ನಂತರ ಕೇಸರಿಬಾತ್ ಬಂತು. ಅದರಲ್ಲಿ ಬಣ್ಣ ಎಷ್ಟಿತ್ತೆಂದರೆ ಗೋಡೆಯ ಮುಖಕ್ಕೆ ಬಳಿದು ಉಳಿದದ್ದನ್ನು ಹಾಕಿದ ಹಾಗಿತ್ತು. ನಾನು ತಿನ್ನಲಿಲ್ಲ. ಆ ಸಭೆಯನ್ನು ಈಗ ನೆನೆದರೂ ನನ್ನ ಬಾಯಲ್ಲಿ ಹುಳಿನೀರು ಬರುತ್ತದೆ.

ಕೆಲವು ದಿನಗಳಾದ ಮೇಲೆ ಬೆಳಗ್ಗೆ ಮೇಡಂ ಮೆಟ್ಟಿಲು ಹತ್ತುತ್ತಿದ್ದಾಗ ಫೋನು ಸದ್ದು ಮಾಡಿತು. ಏನು ಒತ್ತಿದರೋ, ದೊಡ್ಡದಾಗಿಯೇ ಕೇಳಿಸಿತು: ಬಕೆಟ್ಟಿಗೆ ಹಾಲು ಬೀಳುವ ಸರ್ ಸರ್ ಸದ್ದು, ಹಸುವಿನ ಕೊರಳ ಗೆಜ್ಜೆ, ಆಮೇಲೆ "ಮೇಡಂ..." ಎಂಬ ಒಂದು ಧ್ವನಿ. ಅವರು ಫೋನನ್ನು ಎದೆಗೆ ಒತ್ತಿಕೊಂಡು ಕೋಣೆಗೆ ಓಡಿ ಬಾಗಿಲು ಹಾಕಿಕೊಂಡರು. ನಾನು ಥೂ ಎಂಬ ಸದ್ದಿಗೆ ಕಾದೆ. ಬರಲಿಲ್ಲ. ಅದು ಒಬ್ಬರೇ ಇದ್ದಾಗ ಹೇಳುವ ಮಾತಲ್ಲ ಎಂದು ಆಗ ಅರ್ಥವಾಯಿತು.

ಕಂಪ್ಯೂಟರು ಸರದಿ ಕೊಡಲು ಒಪ್ಪಲಿಲ್ಲ, ಹೆಸರು ಇನ್ನೂ ಹಸಿರೇ ಇತ್ತು. ನಾನು ಬಾಯಲ್ಲೇ ಕೊಟ್ಟೆ. ಸರೋಜ ಗಂಡನ ಜೊತೆ ಬಂದು, ಒಬ್ಬಳೇ ಒಳಗೆ ಹೋದಳು. ಗಂಡನನ್ನು ಬೆಂಚಿನ ಮೇಲೆ ಕೂರಿಸಿದೆ. ಆಮೇಲೆ ಪ್ಲೈವುಡ್ಡಿನ ಆಚೆಯಿಂದ ಥೂ ಬಂತು. ಅಂಥದ್ದನ್ನು ನಾನು ಅದಕ್ಕೆ ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ. ಬೆಂಚಿನ ಮೇಲಿದ್ದ ಕ್ಯಾಲನೂರಿನ ಅಜ್ಜಿಯೊಬ್ಬರು ಎದ್ದು ನಿಂತುಬಿಟ್ಟರು. ಅದರ ಹಿಂದೆಯೇ ಸರೋಜಳ ಅಳು. ಬಿಕ್ಕಳಿಕೆಯಲ್ಲ, ಬಾಯಿಬಿಟ್ಟು ಅಳು.

ಸ್ವಲ್ಪ ಹೊತ್ತಿಗೆ ಗಂಡನನ್ನು ಒಳಗೆ ಕರೆದರು. ಹೊರಬಂದವನು ಹೊರಗಿನ ಮೆಟ್ಟಿಲ ಮೇಲೆ ಕೂತ. ನೀರು ಕೊಟ್ಟೆ. ಮೇಡಂ ನನಗೆ ಒಂದಕ್ಷರವನ್ನೂ ಹೇಳಿದವರಲ್ಲ, ಹೇಳಿದವನು ಅವನೇ. ಅವಳು ಸ್ನಾನ ಮಾಡುವಾಗ ಬಚ್ಚಲಿನ ತಗಡಿನ ಸಂದಿಯಲ್ಲಿ ಅವನ ಅಣ್ಣ ನಿಲ್ಲುತ್ತಿದ್ದನಂತೆ. ಊಟಕ್ಕೆ ಬಡಿಸುವಾಗ ತಟ್ಟೆಯ ಕೆಳಗಿನಿಂದ ಅವಳ ಕೈ ಹಿಡಿಯುತ್ತಿದ್ದನಂತೆ. ಅವನು ಹಿಡಿದ ಆ ಕೈಯಿಂದಲೇ ಕಲಸಿದ ಅನ್ನ ಅವಳ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ.

"ನಂಗೆ ಸೈಕಲ್ ಕಲಿಸಿದ್ದು ಅವ್ನೇ ಸಾರ್" ಎಂದ ಗಂಡ. "ಈಗ ಹೋಗಿ ಅವನ ಮುಖ ಹೆಂಗ್ ನೋಡೋದು?"

ಮೇಡಂ ಬಾಗಿಲಲ್ಲಿ ನಿಂತಿದ್ದರು. "ನೋಡ್ಬೇಡ. ಮೊದ್ಲು ಅವಳನ್ನ ಆ ಮನೆಯಿಂದ ಆಚೆ ಕರ್ಕೊಂಡು ಬಾ. ದೂರು ಕೊಡೋದು ಬಿಡೋದು ಅವಳಿಗೆ ಬಿಟ್ಟಿದ್ದು. ಕೊಡ್ತೀನಿ ಅಂದ ದಿನ ನಾನು ಜೊತೆಗೆ ಬರ್ತೀನಿ."

ಅಂದು ಸಂಜೆ ನಾನು ಕೇಳದೆಯೇ ಅವರು ಹೇಳಿದ ಒಂದು ಮಾತು ನನ್ನಲ್ಲಿ ಉಳಿದಿದೆ. "ಹೇಳೋದಕ್ಕೆ ಫೋನೇ ವಾಸಿ ಶಿರಸ್ತೇದಾರ್ರೇ, ಅದಕ್ಕೆ ಕಣ್ಣಿಲ್ಲ. ಕೇಳಿಸ್ಕೊಂಡೆ ಅಂತ ಹೇಳೋದಕ್ಕೆ ಮಾತ್ರ ಮುಖ ಬೇಕು."

ಸಂಸ್ಥೆಗೆ ವಿಷಯ ತಿಳಿಯಿತು. ಯಾವ ವಿಷಯ? ಆ ಅಣ್ಣನದಲ್ಲ, ದೀಪದ್ದಲ್ಲ. ಮೇಡಂ ಸ್ವಂತ ಫೋನಿನಲ್ಲಿ ಧ್ವನಿ ತರಿಸಿಕೊಂಡದ್ದು. ಆಪಿನ ಹೊರಗೆ ಮಾತಾಡಿಸುವುದು ನಿಯಮಬಾಹಿರವಂತೆ, ಗೋಪ್ಯತೆಗೆ ಭಂಗವಂತೆ. ಆಪಿನಲ್ಲಿ ಹೆಂಗಸರು ಒತ್ತಿದ ಮುಖಗಳನ್ನೆಲ್ಲ ಗೆರೆ ಮಾಡಿ ಪರದೆಯ ಮೇಲೆ ತೋರಿಸಿ ಕೇಸರಿಬಾತ್ ತಿಂದವರು ಈ ಮಾತು ಹೇಳಿದರು. ಮೇಡಂ ಅವರ ಗುತ್ತಿಗೆಯ ಅವಧಿ ಮುಗಿಯುವುದಿತ್ತು, ಸಂಸ್ಥೆ ಮುಂದುವರಿಸಲಿಲ್ಲ.

ಬೀಳ್ಕೊಡುಗೆ ಮಾತ್ರ ವೈಭವದಿಂದ ನಡೆಯಿತು. ಎತ್ತರದ ಹಿತ್ತಾಳೆ ದೀಪ ಹಚ್ಚಿ ಶುರುಮಾಡಿದರು. ಶಾಲು, ಹಣ್ಣಿನ ಬುಟ್ಟಿ, ಚೌಕಟ್ಟು ಹಾಕಿಸಿದ ಒಂದು ಹಳದಿ ನಗುವ ಮುಖ. ಅಧ್ಯಕ್ಷರು "ಇವರ ನಗುಮೊಗ ನಮಗೆ ಸದಾ ಸ್ಫೂರ್ತಿ" ಎಂದು ಓದಿದರು. ಯಾರಿಗೋ ಬರೆದಿಟ್ಟ ಭಾಷಣವಿರಬೇಕು. ಕೊನೆಯಲ್ಲಿ ಎಲ್ಲರ ಫೋನೂ ಒಟ್ಟಿಗೆ ಗಂಟೆ ಹೊಡೆಯಿತು: ಸಮಾರಂಭ ಹೇಗಿತ್ತು? ಐದು ಮುಖ. ದೀಪ ಇನ್ನೂ ಉರಿಯುತ್ತಿತ್ತು. ನನ್ನ ಸುತ್ತ ಕೂತವರೆಲ್ಲ ನಗುವ ಮುಖ ಒತ್ತಿದರು. ನಾನು ವೇದಿಕೆ ನೋಡಿದೆ. ಮೇಡಂ ಆ ಚೌಕಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು, ಮೂಗು ಮೇಲೆ, ತುಟಿಯ ಮೂಲೆ ಕೆಳಗೆ ಮಾಡಿ ಕೂತಿದ್ದರು. ಇಡೀ ಸಭಾಂಗಣದಲ್ಲಿ ನಿಜ ಹೇಳುತ್ತಿದ್ದದ್ದು ಆ ಮುಖವೊಂದೇ. ಒತ್ತಲು ಅದು ಫೋನಿನಲ್ಲಿ ಇರಲಿಲ್ಲ. ನಾನು ಫೋನನ್ನು ಜೇಬಿಗೆ ಹಾಕಿಕೊಂಡೆ. ಮರುದಿನದಿಂದ ಕೆಲಸಕ್ಕೆ ಹೋಗಲಿಲ್ಲ.

ಆಪು ಈಗಲೂ ಸಂಜೆ ಏಳಕ್ಕೆ ಗಂಟೆ ಹೊಡೆಯುತ್ತದೆ. ಮೇಡಂ ಮುಳಬಾಗಿಲಿನ ತಮ್ಮ ಮನೆಯ ಹೊರಕೋಣೆಯಲ್ಲಿ ಕೂರುತ್ತಾರೆ. ಹಾಲು ಕರೆಯುವ ಹೊತ್ತಿಗೆ ಅವರ ಫೋನಿಗೆ ಧ್ವನಿಗಳು ಬರುತ್ತವೆ, ಕಳಿಸಿದವರು ಆಮೇಲೆ ಬಸ್ಸಿನಲ್ಲಿ ಬರುತ್ತಾರೆ. ಸರೋಜ ದೂರು ಕೊಡಲಿಲ್ಲ. ಅವಳೂ ಗಂಡನೂ ಮಾಲೂರಿನಲ್ಲಿ ಬಾಡಿಗೆ ಮನೆ ಮಾಡಿದ್ದಾರೆ. ತಿಂದದ್ದು ಹೊಟ್ಟೆಯಲ್ಲಿ ನಿಲ್ಲುತ್ತಿದೆ.